ನಂಬಿಕೆಯ ಚೀಟಿಗೆ ಕಾಗದದ ಬಲ ಬೇಕು

ತಿಂಗಳ ಮೊದಲ ವಾರ ಬಂತೆಂದರೆ ಬೆಂಗಳೂರಿನ ಆರ್.ಟಿ. ನಗರದ ಮನೆಗಳಲ್ಲಿ ಸಂಬಳ ಬಾಡಿಗೆಗೆ, ಸ್ಕೂಲ್ ಫೀಸಿಗೆ, ದಿನಸಿಗೆ ಹಂಚಿಹೋಗುತ್ತದೆ. ಅದರ ನಡುವೆ ಒಂದು ಪಾಲು ಮಾತ್ರ ಯಾವ ಬಿಲ್ಲೂ ಇಲ್ಲದೆ ಮನೆಯಿಂದ ಹೊರಡುತ್ತದೆ. ಅದು ಚೀಟಿ ಹಣ. ಗಂಗಾನಗರದ ನಿವೃತ್ತ ನೌಕರ, ಮಠದಹಳ್ಳಿಯ ಹೊಲಿಗೆ ಕೆಲಸದಾಕೆ, ಸುಲ್ತಾನ್‌ಪಾಳ್ಯದ ಆಟೊ ಚಾಲಕ, ದಿಣ್ಣೂರು ಮುಖ್ಯರಸ್ತೆಯ ಸಣ್ಣ ಅಂಗಡಿಯವರು, ಇಂಥವರೆಲ್ಲರ ಮಟ್ಟಿಗೂ ಉಳಿತಾಯವೆಂದರೆ ಮೊದಲು ನೆನಪಾಗುವುದು ಚೀಟಿಯೇ. ಮಗಳ ಕಾಲೇಜು ಪ್ರವೇಶ, ಹೊಸ ಮನೆಗೆ ಕೊಡಬೇಕಾದ ಅಡ್ವಾನ್ಸ್, ತಂಗಿಯ ಮದುವೆ, ಹಳೆಯ ಸಾಲ, ಯಾವುದೇ ಇರಲಿ, 'ಚೀಟಿ ಎತ್ತೋಣ' ಎಂಬ ಮಾತೇ ಮೊದಲು ಬರುತ್ತದೆ.

ಚೀಟಿ ಹಾಕುವವರನ್ನು ತಿಳಿವಳಿಕೆಯಿಲ್ಲದವರೆಂದು ದೂರುವುದು ತಪ್ಪು. ಸಂಬಳದ ಸ್ಲಿಪ್ ಇಲ್ಲದವರಿಗೆ, ಸಿಬಿಲ್ ಅಂಕವೇ ಇಲ್ಲದವರಿಗೆ, ಜಾಮೀನಿಗೆ ಆಸ್ತಿಯಿಲ್ಲದವರಿಗೆ ಒಂದು ಲಕ್ಷ ರೂಪಾಯಿ ಒಟ್ಟಿಗೆ ಸಿಗುವ ಬೇರೆ ದಾರಿ ಸುಲಭವಾಗಿ ಕಾಣುವುದಿಲ್ಲ. ಕೈಯಲ್ಲಿದ್ದರೆ ಖರ್ಚಾಗುವ ಹಣವನ್ನು ಚೀಟಿ ಬಲವಂತವಾಗಿ ಉಳಿಸುತ್ತದೆ. ಹತ್ತು ಜನರೆದುರು ಕಂತು ತಪ್ಪಿಸಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಇವೆಲ್ಲ ಚೀಟಿಯ ನಿಜವಾದ ಗುಣಗಳು. ತೊಂದರೆ ಇರುವುದು ಬೇರೆ ಕಡೆ: ಈ ಇಡೀ ವ್ಯವಹಾರವನ್ನು ನಾವು ಬಾಯಿ ಮಾತಿನ ಮೇಲೆ ನಡೆಸುತ್ತೇವೆ, ಅದರ ಲೆಕ್ಕವನ್ನು ಕೊನೆಯವರೆಗೂ ಹಾಕುವುದಿಲ್ಲ.

ಚೀಟಿಯ ಗಣಿತ

ಒಂದು ಸರಳ ಉದಾಹರಣೆ ತೆಗೆದುಕೊಳ್ಳೋಣ. 20 ಜನ, ತಿಂಗಳಿಗೆ 5,000 ರೂಪಾಯಿ, 20 ತಿಂಗಳು. ಪ್ರತಿ ತಿಂಗಳು ಒಂದು ಲಕ್ಷ ರೂಪಾಯಿಯ ಚೀಟಿ. ಯಾರಿಗೆ ತುರ್ತಿದೆಯೋ ಅವರು ಹೆಚ್ಚು ಕಡಿತಕ್ಕೆ ಕೂಗುತ್ತಾರೆ. 25,000ಕ್ಕೆ ಕೂಗಿದವರಿಗೆ 75,000 ಸಿಗುತ್ತದೆ. ಬಿಟ್ಟುಕೊಟ್ಟ 25,000ದಲ್ಲಿ ಶೇ 5ರ ಕಮಿಷನ್, ಅಂದರೆ 5,000 ರೂಪಾಯಿ, ಚೀಟಿ ನಡೆಸುವವರಿಗೆ. ಉಳಿದ 20,000 ಇಪ್ಪತ್ತು ಜನರಿಗೂ ತಲಾ ಸಾವಿರದಂತೆ ಹಂಚಿಕೆಯಾಗುತ್ತದೆ. ಆ ತಿಂಗಳು ಎಲ್ಲರೂ ಕಟ್ಟುವುದು 4,000 ಮಾತ್ರ.

ಈಗ ಇಡೀ ಅವಧಿಯನ್ನು ನೋಡೋಣ. ಮೊದಲ ತಿಂಗಳು ಕೂಗು 30,000ಕ್ಕೆ ನಿಂತು, ಅಲ್ಲಿಂದ ತಿಂಗಳಿಂದ ತಿಂಗಳಿಗೆ ಸಮನಾಗಿ ಇಳಿಯುತ್ತ ಕೊನೆಯ ತಿಂಗಳು ಬರೀ ಕಮಿಷನ್ನಿನ 5,000ಕ್ಕೆ ಬಂದಿತೆಂದು ಇಟ್ಟುಕೊಳ್ಳಿ. ಹಾಗಾದರೆ ಪ್ರತಿಯೊಬ್ಬ ಸದಸ್ಯರೂ 20 ತಿಂಗಳಲ್ಲಿ ಒಟ್ಟು 87,500 ರೂಪಾಯಿ ಕಟ್ಟಿರುತ್ತಾರೆ. ಕೊನೆಯಲ್ಲಿ ಎತ್ತಿದವರಿಗೆ 95,000 ಸಿಗುತ್ತದೆ. ಲಾಭ 7,500.

ಮೊದಲ ತಿಂಗಳೇ ಎತ್ತಿದವರ ಕಥೆ ಏನು? ಅವರ ಕೈಗೆ ಬಂದದ್ದು 70,000. ಅವರೂ ಕಟ್ಟುವುದು ಅದೇ 87,500. 17,500 ಹೆಚ್ಚು ತಾನೇ ಎಂದು ಅನ್ನಿಸಬಹುದು. ಆದರೆ ಕಂತು ಪ್ರತಿ ತಿಂಗಳೂ ವಾಪಸ್ ಹೋಗುತ್ತಿರುವುದರಿಂದ ಇಡೀ 70,000 ಅವರ ಕೈಯಲ್ಲಿ 20 ತಿಂಗಳು ಇರುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿದರೆ ಬೀಳುವ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡೂಕಾಲು ರೂಪಾಯಿಗಿಂತ ತುಸು ಹೆಚ್ಚು, ವರ್ಷಕ್ಕೆ ಶೇ 28ರ ಹತ್ತಿರ. ಮನೆಯಲ್ಲಿ ಒಂದಿಷ್ಟು ಚಿನ್ನವಿದ್ದರೆ ಬ್ಯಾಂಕಿನ ಚಿನ್ನದ ಸಾಲ ಇದರ ಅರ್ಧಕ್ಕಿಂತ ಕಡಿಮೆ ಬಡ್ಡಿಗೆ ಸಿಗುತ್ತದೆ. ತುರ್ತು ಬಂದಾಗ ಚೀಟಿ ಕೂಗುವ ಮುನ್ನ ಹೋಲಿಸಬೇಕಾದ ಸಂಖ್ಯೆ ಇದು.

ಕೊನೆಯವರೆಗೂ ಕಾಯುವವರು ಇನ್ನೊಂದು ಹೋಲಿಕೆ ಮಾಡಬೇಕು. ಅದೇ ಕಂತುಗಳನ್ನು ಅದೇ ತಿಂಗಳುಗಳಲ್ಲಿ ಶೇ 6.5 ಬಡ್ಡಿಯ ಬ್ಯಾಂಕ್ ಆರ್‌ಡಿಗೆ ಹಾಕಿದ್ದರೆ ಬರುತ್ತಿದ್ದ ಬಡ್ಡಿ ಸುಮಾರು 4,300 ರೂಪಾಯಿ. ಚೀಟಿ ಕೊಟ್ಟದ್ದು 7,500. ವ್ಯತ್ಯಾಸ ಮೂರು ಸಾವಿರದ ಆಸುಪಾಸು. ಚೀಟಿ ನಡೆಸುವವರು ಹದಿನೆಂಟನೇ ತಿಂಗಳಲ್ಲಿ ಮನೆಗೆ ಬೀಗ ಹಾಕಿಕೊಂಡು ಹೊರಟರೆ ಕೊನೆಯವರೆಗೆ ಕಾದವರು ಕಳೆದುಕೊಳ್ಳುವುದು ಮುಕ್ಕಾಲು ಲಕ್ಷಕ್ಕೂ ಹೆಚ್ಚು. ಮೂರು ಸಾವಿರದ ಹೆಚ್ಚುವರಿಗಾಗಿ ಅಷ್ಟು ದೊಡ್ಡ ಮೊತ್ತವನ್ನು ಪಣಕ್ಕಿಡುವುದು ಸರಿಯೇ? ಚೀಟಿಗೆ ಗಟ್ಟಿಯಾದ ರಕ್ಷಣೆ ಇದ್ದರೆ ಸರಿ. ಇಲ್ಲದಿದ್ದರೆ ಖಂಡಿತ ಅಲ್ಲ.

ಕಾನೂನು ಏನು ಹೇಳುತ್ತದೆ?

ರಕ್ಷಣೆ ಕೊಡುವ ಕಾನೂನು ನಾಲ್ಕು ದಶಕಗಳಿಂದ ಇದೆ. ಕೇಂದ್ರದ ಚಿಟ್ ಫಂಡ್ಸ್ ಕಾಯ್ದೆ 1982ರದು. ಕರ್ನಾಟಕದಲ್ಲಿ ಇದರ ಜಾರಿ ಸಹಕಾರ ಇಲಾಖೆಯ ಅಡಿಯಲ್ಲಿರುವ ಚೀಟಿಗಳ ನಿಬಂಧಕರ ಕೈಯಲ್ಲಿದೆ. ಈ ಕಾಯ್ದೆಯ ಪ್ರಕಾರ ಚೀಟಿ ಶುರು ಮಾಡುವ ಮೊದಲೇ ಸರ್ಕಾರದ ಪೂರ್ವಾನುಮತಿ ಬೇಕು, ಆ ಚೀಟಿ ನೋಂದಣಿಯಾಗಬೇಕು. ನಡೆಸುವವರು ಒಂದು ಚೀಟಿಯ ಪೂರ್ತಿ ಮೊತ್ತವನ್ನು ನಿಬಂಧಕರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು, ಅಥವಾ ಕಾಯ್ದೆ ಒಪ್ಪುವ ಬೇರೆ ಭದ್ರತೆ ಕೊಡಬೇಕು. ಸದಸ್ಯರಿಗೆ ಒಪ್ಪಂದದ ಪ್ರತಿ ಕೊಡಬೇಕು. ಪ್ರತಿ ಹರಾಜಿನ ನಡಾವಳಿ ಬರೆದಿಡಬೇಕು. ತಕರಾರು ಬಂದರೆ ನಿಬಂಧಕರೇ ವಿಚಾರಣೆ ನಡೆಸುತ್ತಾರೆ. 2019ರ ತಿದ್ದುಪಡಿ ಕಮಿಷನ್ನಿನ ಗರಿಷ್ಠ ಮಿತಿಯನ್ನು ಶೇ 5ರಿಂದ ಶೇ 7ಕ್ಕೆ ಏರಿಸಿತು. ಒಬ್ಬ ವ್ಯಕ್ತಿ ನಡೆಸಬಹುದಾದ ಚೀಟಿಗಳ ಒಟ್ಟು ಮೊತ್ತದ ಮಿತಿಯನ್ನು ಒಂದು ಲಕ್ಷದಿಂದ ಮೂರು ಲಕ್ಷಕ್ಕೆ ಹೆಚ್ಚಿಸಿತು.

ಇಲ್ಲಿ ಬಹಳ ಜನ ಎಡವುವ ಒಂದು ಸೂಕ್ಷ್ಮವಿದೆ. ಕಚೇರಿಯ ಗೋಡೆಯ ಮೇಲೆ ಕಂಪನಿ ನೋಂದಣಿ ಪತ್ರ, ಜಿಎಸ್‌ಟಿ ಪತ್ರ, ಪಾಲಿಕೆಯ ಪರವಾನಗಿ, ಗಣ್ಯರ ಜೊತೆಗಿನ ಫೋಟೊ ಎಲ್ಲ ತೂಗುಹಾಕಿರುತ್ತಾರೆ. ಇವು ಯಾವುವೂ ಚೀಟಿಯ ನೋಂದಣಿಯಲ್ಲ. ಕಾನೂನು ಕೇಳುವುದು ಪ್ರತಿ ಚೀಟಿ ಗುಂಪಿಗೂ ಪ್ರತ್ಯೇಕ ನೋಂದಣಿ, ಪ್ರತ್ಯೇಕ ಆರಂಭ ಪ್ರಮಾಣಪತ್ರ. 'ನಾನು ಸೇರುತ್ತಿರುವ ಈ ಗುಂಪಿನ ನೋಂದಣಿ ಸಂಖ್ಯೆ ಯಾವುದು, ಪ್ರಮಾಣಪತ್ರ ತೋರಿಸಿ' ಎಂಬ ಒಂದೇ ಪ್ರಶ್ನೆ ಸಾಕು. ಸರಿಯಾದ ಸಂಸ್ಥೆ ಕಾಗದ ತೆಗೆದು ತೋರಿಸುತ್ತದೆ. 'ನಮ್ಮ ಮೇಲೆ ನಂಬಿಕೆ ಇಲ್ಲವೇ?' ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ.

ಕರ್ನಾಟಕ ಸರ್ಕಾರದ್ದೇ ಆದ ಎಂಎಸ್‌ಐಎಲ್, ಅಂದರೆ ಮೈಸೂರು ಸೇಲ್ಸ್ ಇಂಟರ್‌ನ್ಯಾಷನಲ್ ಲಿಮಿಟೆಡ್ ಕೂಡ ಚೀಟಿ ನಡೆಸುತ್ತದೆ. ನೋಂದಾಯಿತ ಚೀಟಿಯಲ್ಲಿ ಚೀಟಿ ಎತ್ತುವಾಗ ಜಾಮೀನು ಕೇಳುತ್ತಾರೆ, ಕಾಗದಪತ್ರಕ್ಕೆ ಓಡಾಡಬೇಕು, ಕಮಿಷನ್ ಮೇಲೆ ಜಿಎಸ್‌ಟಿಯೂ ಸೇರುತ್ತದೆ. ಇದು ಕಿರಿಕಿರಿ ಎನಿಸುವುದು ನಿಜ. ಆದರೆ ಹಣ ಎತ್ತಿದ ಇನ್ನೊಬ್ಬ ಸದಸ್ಯ ಕಂತು ನಿಲ್ಲಿಸಿದಾಗ ನಮ್ಮ ಪಾಲನ್ನು ಕಾಯುವುದು ಅದೇ ಜಾಮೀನು.

ಹಳಬರು ಎಂಬ ಭರವಸೆ

'ಅವರು ಎಷ್ಟೋ ವರ್ಷದಿಂದ ನಡೆಸುತ್ತಿದ್ದಾರೆ' ಎಂಬುದು ಬಡಾವಣೆಗಳಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಮಾಣಪತ್ರ. 2025ರ ಜುಲೈನಲ್ಲಿ ರಾಮಮೂರ್ತಿನಗರದಲ್ಲಿ ಅನೇಕ ವರ್ಷಗಳಿಂದ ಚಿಟ್ ಫಂಡ್ ನಡೆಸುತ್ತಿದ್ದ ದಂಪತಿ ನಾಪತ್ತೆಯಾದರೆಂದು ನೂರಾರು ಜನ ಪೊಲೀಸರಿಗೆ ದೂರು ಕೊಟ್ಟರು. ಹಣ ಹಾಕಿದವರಲ್ಲಿ ಅವರನ್ನು ಹತ್ತಿರದಿಂದ ಬಲ್ಲವರೂ ಇದ್ದರು. ನಡೆದುಬಂದ ವರ್ಷಗಳು ವ್ಯಕ್ತಿಯ ಪರಿಚಯ ಹೇಳುತ್ತವೆ. ಅವರ ಬಳಿ ಇರುವ ಹಣಕ್ಕೂ ಕೊಡಬೇಕಾದ ಹಣಕ್ಕೂ ತಾಳೆಯಾಗುತ್ತಿದೆಯೇ ಎಂಬುದನ್ನು ಹೇಳುವುದಿಲ್ಲ.

ಇದಕ್ಕಿಂತ ದೊಡ್ಡ ಪಾಠ ನಮ್ಮ ನೆರೆಯ ಶಿವಾಜಿನಗರದ್ದು. 2006ರಲ್ಲಿ ಶುರುವಾದ ಐ ಮಾನಿಟರಿ ಅಡ್ವೈಸರಿ, ಜನರ ಬಾಯಲ್ಲಿ ಐಎಂಎ, ಹೂಡಿಕೆಗೆ ಪ್ರತಿ ತಿಂಗಳೂ ಶೇ 2.5–3ರಷ್ಟು ಲಾಭ ಕೊಡುವುದಾಗಿ ಹೇಳಿತು. ಬಡ್ಡಿ ಮುಟ್ಟಬಾರದೆಂಬ ಧಾರ್ಮಿಕ ನಂಬಿಕೆಯ ಕುಟುಂಬಗಳು ಇದು ಬಡ್ಡಿಯಲ್ಲ, ವ್ಯಾಪಾರದ ಲಾಭಾಂಶ ಎಂಬ ಮಾತನ್ನು ಒಪ್ಪಿಕೊಂಡವು. ಮದುವೆಗೆಂದು ಕೂಡಿಟ್ಟದ್ದು, ನಿವೃತ್ತಿಯ ಹಣ, ಒಡವೆ ಮಾರಿದ ಹಣ ಎಲ್ಲ ಅಲ್ಲಿಗೆ ಹೋಯಿತು. 2019ರ ಜೂನ್‌ನಲ್ಲಿ ಮಾಲೀಕ ಮೊಹಮ್ಮದ್ ಮನ್ಸೂರ್ ಖಾನ್ ದೇಶ ಬಿಟ್ಟರು. ಜುಲೈ 19ರಂದು ದೆಹಲಿ ವಿಮಾನ ನಿಲ್ದಾಣದಲ್ಲಿ ಜಾರಿ ನಿರ್ದೇಶನಾಲಯ ಅವರನ್ನು ಬಂಧಿಸಿತು. ತನಿಖೆ ಸಿಬಿಐಗೆ ಹೋಯಿತು. ಹಗರಣದ ಗಾತ್ರ ಸುಮಾರು 4,000 ಕೋಟಿ ರೂಪಾಯಿ ಎಂದು ವರದಿಯಾಯಿತು.

ತಿಂಗಳಿಗೆ ಶೇ 3 ಎಂದರೆ ವರ್ಷಕ್ಕೆ ಶೇ 36. ಬ್ಯಾಂಕಿನ ಠೇವಣಿಗೆ ಅದರ ಐದನೇ ಒಂದು ಭಾಗ ಸಿಗುವುದೂ ಕಷ್ಟ. ಯಾವ ವ್ಯಾಪಾರವೂ, ಚಿನ್ನದ್ದಾಗಲಿ ಭೂಮಿಯದ್ದಾಗಲಿ, ವರ್ಷ ವರ್ಷವೂ ತಪ್ಪದೆ ಇಷ್ಟು ಲಾಭ ಮಾಡಿ ಅದನ್ನು ಹೊರಗಿನವರಿಗೆ ಹಂಚಲಾರದು. ಹೊಸಬರ ಹಣವನ್ನು ಹಳಬರಿಗೆ ಕೊಡುತ್ತಿದ್ದರೆ ಮಾತ್ರ ಅದು ಸಾಧ್ಯ, ಅದೂ ಹೊಸಬರು ಬರುತ್ತಿರುವ ತನಕ. ಇನ್ನೊಂದು ಸಂಗತಿ ಗಮನಿಸಿ. ಐಎಂಎ ಹಣ ಹಾಕಿದವರನ್ನು ಠೇವಣಿದಾರರೆಂದು ಕರೆಯಲಿಲ್ಲ, ಎಲ್‌ಎಲ್‌ಪಿ ಸಂಸ್ಥೆಯ ಪಾಲುದಾರರೆಂದು ಕಾಗದದಲ್ಲಿ ಬರೆಸಿಕೊಂಡಿತು. ಅಂದರೆ ಅಲ್ಲಿ ಕಾಗದ ಇತ್ತು, ಓದಿದವರು ಕಡಿಮೆ. ಪಾಲುದಾರ ಎಂದು ಸಹಿ ಹಾಕಿದವರು ನಷ್ಟದಲ್ಲೂ ಪಾಲು ಹೊರುತ್ತಾರೆ. ಕಾಗದ ಕೈಯಲ್ಲಿದ್ದರೆ ಸಾಲದು, ಅದು ನಮ್ಮನ್ನು ಏನೆಂದು ಕರೆಯುತ್ತದೆ ಎಂಬುದನ್ನು ಓದಿ ತಿಳಿಯಬೇಕು.

ಇಂಥ ಪ್ರಕರಣಗಳಿಗಾಗಿಯೇ ಕರ್ನಾಟಕದಲ್ಲಿ 2004ರ ಹಣಕಾಸು ಸಂಸ್ಥೆಗಳ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇದೆ. ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರ ವಂಚಕ ಸಂಸ್ಥೆಯ ಆಸ್ತಿ ಜಪ್ತಿ ಮಾಡಿ, ವಿಶೇಷ ನ್ಯಾಯಾಲಯದ ಮೂಲಕ ಹಣ ಹಂಚುತ್ತದೆ. ಐಎಂಎ ಪ್ರಕರಣದಲ್ಲಿ ಸಣ್ಣ ಹೂಡಿಕೆದಾರರಿಗೆ ಮೊದಲು ಒಂದಿಷ್ಟು ಹಣ ವಾಪಸಾಯಿತು. ಆದರೆ ದೂರು, ದಾಖಲೆ, ಕಾಯುವಿಕೆಯಲ್ಲಿ ವರ್ಷಗಳು ಕಳೆದವು. ಅರ್ಜಿ ಹಾಕಿದವರಿಂದ ಪ್ರಾಧಿಕಾರ ಕೇಳಿದ್ದೂ ಹಣ ಕೊಟ್ಟ ದಾಖಲೆಯನ್ನೇ. ಕೇಂದ್ರವೂ 2019ರಲ್ಲಿ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ತಂದಿತು. ಯಾವುದೇ ನಿಯಂತ್ರಕರ ಅಡಿಯಲ್ಲಿಲ್ಲದ ಠೇವಣಿ ಸಂಗ್ರಹ ಈಗ ಅಪರಾಧ.

ಬ್ಯಾಂಕ್ ಯಾವುದು, ಸೊಸೈಟಿ ಯಾವುದು?

ಚೀಟಿಯ ಭಯಕ್ಕೆ ಹಣವನ್ನು ಠೇವಣಿ ಇಡಲು ಹೊರಟವರೂ ಒಂದು ಗೆರೆಯನ್ನು ನೋಡಿಕೊಳ್ಳಬೇಕು. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಗ್ರಾಹಕರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಔಷಧಿಗೂ ಮನೆ ಖರ್ಚಿಗೂ ಬಡ್ಡಿಯನ್ನೇ ನೆಚ್ಚಿಕೊಂಡಿದ್ದ ಹಿರಿಯ ನಾಗರಿಕರು ಕಂಗಾಲಾದರು. ಆಗ ಠೇವಣಿ ವಿಮೆಯ ಮಿತಿ ಕೇವಲ ಒಂದು ಲಕ್ಷ. 2020ರ ಫೆಬ್ರುವರಿ 4ರಿಂದ ಅದು ಐದು ಲಕ್ಷವಾಯಿತು. 2021ರ ತಿದ್ದುಪಡಿಯ ನಂತರ, ನಿರ್ಬಂಧಕ್ಕೊಳಗಾದ ಬ್ಯಾಂಕಿನ ಗ್ರಾಹಕರಿಗೂ ವಿಮೆಯ ಹಣ 90 ದಿನಗಳೊಳಗೆ ಸಿಗಬೇಕೆಂಬ ನಿಯಮ ಬಂತು.

ಐದು ಲಕ್ಷದ ಈ ಮಿತಿಯಲ್ಲಿ ಅಸಲು, ಬಡ್ಡಿ ಎರಡೂ ಸೇರುತ್ತವೆ. ಒಂದೇ ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ಒಬ್ಬರ ಹೆಸರಿನಲ್ಲಿರುವ ಠೇವಣಿಗಳನ್ನು ಕೂಡಿಸಿಯೇ ಮಿತಿ ಲೆಕ್ಕ ಹಾಕುತ್ತಾರೆ. ಹೆಬ್ಬಾಳದ ಶಾಖೆಯಲ್ಲಿ ನಾಲ್ಕು ಲಕ್ಷ, ಯಶವಂತಪುರದ ಶಾಖೆಯಲ್ಲಿ ನಾಲ್ಕು ಲಕ್ಷ ಇಟ್ಟರೆ ಎಂಟಕ್ಕೂ ವಿಮೆ ಇದೆಯೆಂದು ಭಾವಿಸಬೇಡಿ. ಎರಡು ಬೇರೆ ಬೇರೆ ಬ್ಯಾಂಕುಗಳಲ್ಲಿಟ್ಟರೆ ಮಾತ್ರ ಎರಡಕ್ಕೂ ರಕ್ಷಣೆ.

ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ನಮ್ಮ ಬೀದಿಗಳಲ್ಲೇ ಇವೆ. ಪ್ರಾಮಾಣಿಕವಾಗಿ ನಡೆಯುವ ಸಂಘಗಳು ಅನೇಕ. ಅವು ಸಹಕಾರ ಕಾಯ್ದೆಯಡಿ ಸದಸ್ಯರಿಗಾಗಿ ನಡೆಯುತ್ತವೆ. ಆದರೆ ಅವು ಬ್ಯಾಂಕುಗಳಲ್ಲ, ಅಲ್ಲಿನ ಠೇವಣಿಗೆ ಆ ಐದು ಲಕ್ಷದ ವಿಮೆ ಇಲ್ಲ. ಹೆಸರಿನಲ್ಲಿ ಬ್ಯಾಂಕ್ ಎಂದು ಬಳಸುವ ಸಹಕಾರ ಸಂಘಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು. ಒಂದು ಪರ್ಸೆಂಟ್ ಹೆಚ್ಚು ಬಡ್ಡಿಗೆ ಅಲ್ಲಿ ಹಣ ಇಡುವುದಾದರೆ, ಕಳೆದರೂ ಮನೆ ನಡೆಯುವಷ್ಟನ್ನು ಮಾತ್ರ ಇಡಿ. ನಿವೃತ್ತಿಯ ಇಡಿಗಂಟು ಅಲ್ಲಿಗೆ ಹೋಗಬಾರದು. ಅದಕ್ಕೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 2023ರ ಏಪ್ರಿಲ್‌ನಿಂದ ಅದರ ಮಿತಿ 30 ಲಕ್ಷ ರೂಪಾಯಿ, ಹಿಂದೆ ನಿಂತಿರುವುದು ಕೇಂದ್ರ ಸರ್ಕಾರ.

ಒಡವೆ ಅಂಗಡಿಗಳ ಮಾಸಿಕ ಕಂತಿನ ಯೋಜನೆಯೂ ಇದೇ ಪ್ರಶ್ನೆಗೆ ಒಳಪಡಬೇಕು. ಅವು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಮುಗಿಯುವುದಕ್ಕೆ ಕಾರಣವಿದೆ. ಸರಕಿಗೆ ಪಡೆದ ಮುಂಗಡವನ್ನು 365 ದಿನಗಳೊಳಗೆ ಆ ಮಾರಾಟಕ್ಕೆ ಹೊಂದಿಸದಿದ್ದರೆ ಕಂಪನಿ ಕಾನೂನಿನಲ್ಲಿ ಅದು ಠೇವಣಿಯಾಗಿಬಿಡುತ್ತದೆ. ಅಂದರೆ ನಾವು ಅಲ್ಲಿ ಕಟ್ಟುತ್ತಿರುವುದು ಉಳಿತಾಯವಲ್ಲ, ಮುಂಗಡ. ಅಂಗಡಿ ಮುಚ್ಚಿದರೆ ಅದಕ್ಕೆ ವಿಮೆ ಇಲ್ಲ.

ಮನೆಯಲ್ಲಿ ಮಾಡಬೇಕಾದ್ದು

ಬಡಾವಣೆಯ ಎಲ್ಲ ಚೀಟಿಗಳೂ ನಾಳೆಯೇ ನೋಂದಣಿಯಾಗುವುದಿಲ್ಲ. ಚೀಟಿಯ ಪೂರ್ತಿ ಮೊತ್ತವನ್ನು ಮೊದಲೇ ಭದ್ರತೆಯಾಗಿ ಇಡುವ ಶಕ್ತಿ ಒಬ್ಬ ಗೃಹಿಣಿಗೆ ಇರುವುದಿಲ್ಲ ಎಂಬುದೂ ಗೊತ್ತಿದೆ. ಹೀಗಾಗಿ ಸಣ್ಣ ಗುಂಪುಗಳಿಗೆ ಸ್ವಸಹಾಯ ಸಂಘದ ದಾರಿ ಒಳ್ಳೆಯದು. ಕರ್ನಾಟಕದಲ್ಲಿ 2000–01ರಿಂದ ಸ್ತ್ರೀಶಕ್ತಿ ಗುಂಪುಗಳು ಇದನ್ನು ಮಾಡಿ ತೋರಿಸಿವೆ. ಹಣ ಒಬ್ಬರ ಬೀರುವಿನಲ್ಲಿ ಇರುವುದಿಲ್ಲ, ಗುಂಪಿನ ಹೆಸರಿನ ಬ್ಯಾಂಕ್ ಖಾತೆಯಲ್ಲಿರುತ್ತದೆ. ಲೆಕ್ಕ ಎಲ್ಲರೆದುರು ಪುಸ್ತಕಕ್ಕೆ ಏರುತ್ತದೆ. ಗುಂಪಿನ ಶಿಸ್ತು ನೋಡಿ ಬ್ಯಾಂಕ್ ಸಾಲವನ್ನೂ ಕೊಡುತ್ತದೆ. ಚೀಟಿಯಲ್ಲಿ ನಮಗೆ ಇಷ್ಟವಾದ ಒಗ್ಗಟ್ಟು, ಬಲವಂತದ ಉಳಿತಾಯ, ತುರ್ತಿಗೆ ಒದಗುವ ಹಣ ಮೂರೂ ಇಲ್ಲಿವೆ.

ಈಗಾಗಲೇ ಚೀಟಿಯಲ್ಲಿ ಸಿಕ್ಕಿಕೊಂಡವರು ಕಂತನ್ನು ನಗದಿನಲ್ಲಿ ಕೊಡುವುದು ಬಿಟ್ಟು ಯುಪಿಐ ಮೂಲಕ, 'ಚೀಟಿ, ಇಷ್ಟನೇ ಕಂತು' ಎಂದು ಬರೆದು ಕಳಿಸಲಿ. ಪ್ರತಿ ಹರಾಜಿನ ದಿನ ಯಾರು ಎಷ್ಟಕ್ಕೆ ಎತ್ತಿದರು ಎಂಬುದನ್ನು ಬರೆದು ಎಲ್ಲ ಸದಸ್ಯರೂ ಸಹಿ ಮಾಡಲಿ. ಚೀಟಿ ಎತ್ತಿದಾಗ ಭದ್ರತೆಗೆಂದು ಖಾಲಿ ಚೆಕ್‌ಗೆ ಸಹಿ ಹಾಕಿ ಕೊಡಬೇಡಿ. ಮೊತ್ತ ತುಂಬಿ, ಚೆಕ್ ಸಂಖ್ಯೆ ಬರೆದಿಟ್ಟುಕೊಂಡು, ಪಡೆದವರ ಸಹಿ ತೆಗೆದುಕೊಳ್ಳಿ. ಇದೆಲ್ಲ ಚೀಟಿಯನ್ನು ಕಾನೂನುಬದ್ಧ ಮಾಡುವುದಿಲ್ಲ. ಆದರೆ ನಾಳೆ ಠಾಣೆಯ ಮುಂದೆ ನಿಲ್ಲಬೇಕಾದಾಗ ಹಣ ಕೊಟ್ಟದ್ದನ್ನು ಸಾಬೀತು ಮಾಡುತ್ತದೆ. ಎಲ್ಲಿ ಎಷ್ಟು ಕಟ್ಟಿದೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ, ಬೆಳೆದ ಮಕ್ಕಳಿಗೂ ಗೊತ್ತಿರಲಿ. ಮನೆಯವರಿಂದ ಮುಚ್ಚಿಟ್ಟ ಚೀಟಿ ಮುಳುಗಿದಾಗ ಹಣದ ಜೊತೆ ಮನೆಯ ನೆಮ್ಮದಿಯೂ ಹೋಗುತ್ತದೆ.

ಅನುಮಾನ ಬಂದರೆ ಕೇಳಲು ಜಾಗಗಳಿವೆ. ಯಾವುದೇ ಸಂಸ್ಥೆ ಠೇವಣಿ ಸಂಗ್ರಹಿಸಬಹುದೇ ಎಂದು ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್‌ನಲ್ಲಿ ನೋಡಬಹುದು, ಅಲ್ಲಿಯೇ ದೂರೂ ಕೊಡಬಹುದು. ನೋಂದಾಯಿತ ಚೀಟಿಯ ತಕರಾರು ಚೀಟಿಗಳ ನಿಬಂಧಕರಿಗೆ. ಸೇವೆಯಲ್ಲಿ ಲೋಪವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು. ಫೋನು, ಆ್ಯಪ್ ಮೂಲಕ ವಂಚನೆಯಾಗಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಯದಾಗಿ, ಚೀಟಿ ನಡೆಸುವ ಪ್ರಾಮಾಣಿಕರಿಗೆ ಒಂದು ಮಾತು. ಕಾಗದ ಕೇಳುವ ಸದಸ್ಯ ನಿಮ್ಮನ್ನು ಅನುಮಾನಿಸುತ್ತಿಲ್ಲ. ಮೊದಲ ತಿಂಗಳೇ ಎತ್ತಿಕೊಂಡು ಕಂತು ನಿಲ್ಲಿಸುವವನು ಮುಳುಗಿಸುವುದು ಉಳಿದ ಸದಸ್ಯರನ್ನು ಮಾತ್ರವಲ್ಲ, ಅವರಿಗೆ ಉತ್ತರ ಹೇಳಬೇಕಾದ ನಿಮ್ಮನ್ನೂ. ನೋಂದಾಯಿತ ಚೀಟಿಯಲ್ಲಿ ಅಂಥವನ ಮೇಲೆ ನಿಬಂಧಕರ ಬಳಿ ವಸೂಲಿಗೆ ಹೋಗಬಹುದು. ನೋಂದಣಿಯಿಲ್ಲದ ಚೀಟಿಯಲ್ಲಿ ದೂರು ಕೊಡಲು ಹೋದರೆ ಮೊದಲು ತಪ್ಪಿತಸ್ಥರಾಗುವವರು ನೀವೇ. ಕಾನೂನಿನ ಕಾಗದ ಸದಸ್ಯರ ದುಡ್ಡನ್ನು ಹೇಗೆ ಕಾಯುತ್ತದೋ ನಡೆಸುವವರ ಮರ್ಯಾದೆಯನ್ನೂ ಹಾಗೆಯೇ ಕಾಯುತ್ತದೆ. ಮುಂದಿನ ಚೀಟಿ ಶುರು ಮಾಡುವ ಮೊದಲು ಸದಸ್ಯರೂ ನಡೆಸುವವರೂ ಒಟ್ಟಿಗೆ ಕುಳಿತು ಆ ಕಾಗದದ ಮಾತನ್ನೇ ಮೊದಲು ಮುಗಿಸಿಕೊಳ್ಳಲಿ.